ಡಬ್ಬಿ ಮೇಲೆ 9,900, ಒಳಗೆ ಎಷ್ಟು?

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಮನೆಯಲ್ಲಿ ಸುಟ್ಟ ವಾಸನೆ ಬಂತು. ಅಮ್ಮ ಮೊದಲು ಅಡುಗೆಮನೆಗೆ ಓಡಿದಳು. ಗ್ಯಾಸ್ ಆಫ್ ಆಗಿತ್ತು. ವಾಸನೆ ಬರುತ್ತಿದ್ದದ್ದು ನಾನೂ ತಂಗಿಯೂ ಓದುವ ರೂಮಿನಿಂದ. ಟೇಬಲ್ ಮೇಲೆ ಚಾರ್ಜಿಗೆ ಇಟ್ಟಿದ್ದ ಎರಡು ಸೆಲ್‌ಗಳಲ್ಲಿ ಒಂದು ಮುಟ್ಟಲಾಗದಷ್ಟು ಕಾದಿತ್ತು. ಅದರ ನೀಲಿ ಪ್ಲಾಸ್ಟಿಕ್ ಸಿಪ್ಪೆ ಸುರುಟಿಕೊಂಡಿತ್ತು. ಚಾರ್ಜರಿನ ಅಂಚು ಕರಗಿ ಟೇಬಲ್ಲಿಗೆ ಅಂಟಿಕೊಂಡಿತ್ತು. ಅಲ್ಲಿಂದ ಎರಡು ಅಡಿ ದೂರದ ಮಂಚದ ಮೇಲೆ ಪಿಯುಸಿ ಓದುವ ನನ್ನ ತಂಗಿ ಗಾಢ ನಿದ್ದೆಯಲ್ಲಿದ್ದಳು.

ಅಪ್ಪ ಮೇನ್ ಸ್ವಿಚ್ ತೆಗೆದರು. ಅಡುಗೆಮನೆಯ ಇಕ್ಕಳದಲ್ಲಿ ಸೆಲ್ ಹಿಡಿದುಕೊಂಡು ಹೊರಗೆ ಓಡಿ, ಎದುರು ಸೈಟಿನಲ್ಲಿ ಮನೆ ಕಟ್ಟಿಸಲು ಸುರಿದಿದ್ದ ಮರಳಿನ ರಾಶಿಗೆ ಎಸೆದರು. ಅದು ಅಲ್ಲೇ ಒಂದಿಷ್ಟು ಹೊಗೆ ಉಗುಳಿ ಸುಮ್ಮನಾಯಿತು. ನಮ್ಮ ಎಂ.ಸಿ.ಸಿ. ಬಡಾವಣೆಯ ಆ ಬೀದಿಯಲ್ಲಿ ಎರಡು ನಾಯಿ ಬಿಟ್ಟರೆ ಬೇರೆ ಯಾರಿಗೂ ಎಚ್ಚರವಾಗಲಿಲ್ಲ. ಒಳಗೆ ಬಂದ ಅಪ್ಪ ಕೇಳಿದ್ದು ಒಂದೇ ಮಾತು:

‘ಅದಕ್ಕೆ ಎಷ್ಟು ಕೊಟ್ಟಿದ್ದೆ?’

‘ಜೋಡಿಗೆ ನೂರಾ ಅರವತ್ತು.’

ಅವರು ಮತ್ತೇನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಗ್ಗದ ಹವ್ಯಾಸ

ನನಗೆ ರೋಬೊ ಮಾಡುವ ಹುಚ್ಚು. ನೆಲದ ಮೇಲೆ ಎಳೆದ ಕಪ್ಪು ಗೆರೆಯನ್ನು ಹಿಡಿದು ತಾನಾಗಿ ಓಡುವ ಪುಟ್ಟ ಗಾಡಿಯನ್ನು ಕಾಲೇಜು ಫೆಸ್ಟ್‌ಗೆಂದು ಮಾಡುತ್ತಿದ್ದೆ. ಈ ಹವ್ಯಾಸ ಇರುವವರಿಗೆ ಗೊತ್ತಿರುತ್ತದೆ, ಬೇಕಾಗುವ ಸಾಮಾನೆಲ್ಲ ಬರುವುದು ಹೆಚ್ಚಾಗಿ ಒಂದೇ ಕಡೆಯಿಂದ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದರೂ ಅಷ್ಟೇ, ಆನ್‌ಲೈನ್‌ನಲ್ಲಿ ತರಿಸಿದರೂ ಅಷ್ಟೇ. ಬೋರ್ಡು, ಮೋಟರು, ಸೆನ್ಸರು, ಬ್ಯಾಟರಿ, ಹಳದಿ ಮಲ್ಟಿಮೀಟರು ಎಲ್ಲದರ ಬೇರೂ ಚೀನಾದ ಶೆನ್‌ಜೆನ್ ಕಡೆಗೇ ಹೋಗುತ್ತದೆ.

ಹಾಗಂತ ಅದನ್ನು ಬೈಯುವ ಮೊದಲು ಒಂದು ಸತ್ಯ ಒಪ್ಪಿಕೊಳ್ಳಬೇಕು. ಈ ಅಗ್ಗದ ಸಾಮಾನು ಇಲ್ಲದಿದ್ದರೆ ನಾನು ರೋಬೊ ಮಾಡುತ್ತಲೇ ಇರಲಿಲ್ಲ. ನಮ್ಮಂಥವರ ಮೊದಲ ಬೋರ್ಡು ಆರ್ಡುಯಿನೊ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ಒಂದು ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ಸುಲಭವಾಗಲಿ ಎಂದು ಹುಟ್ಟಿದ್ದು. ಅದನ್ನು ಮಾಡಿದವರು ನಕ್ಷೆಯನ್ನು ಬಚ್ಚಿಡಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಆ ಹೆಸರನ್ನು ಬಳಸದೆ ಅದೇ ಬೋರ್ಡನ್ನು ಯಾರು ಬೇಕಾದರೂ ಮಾಡಿ ಮಾರಬಹುದು. ಅಸಲಿ ಬೋರ್ಡಿಗೆ ಎರಡು ಸಾವಿರ ದಾಟುವಾಗ ನನ್ನ ಕೈಗೆ ಸಿಕ್ಕ ತದ್ರೂಪಿಗೆ ಮುನ್ನೂರು ರೂಪಾಯಿ. ಕಂಪ್ಯೂಟರಿನೊಂದಿಗೆ ಮಾತಾಡುವ ಚಿಪ್ಪಿನ ಜಾಗದಲ್ಲಿ ಸಿಎಚ್340 ಎಂಬ ಅಗ್ಗದ ಚಿಪ್ಪು ಕೂತಿದೆ, ಅಷ್ಟೇ. ಅದೂ ಕೆಲಸ ಮಾಡುತ್ತದೆ. ಮೂರು ವರ್ಷದಿಂದ ನನ್ನ ಬೋರ್ಡು ಒಂದು ದಿನವೂ ಕೈಕೊಟ್ಟಿಲ್ಲ.

ಆದರೆ ಬೋರ್ಡು ತಂದ ಅದೇ ಧೈರ್ಯದಲ್ಲಿ ಸೆಲ್ಲನ್ನೂ ತರಿಸಿದೆ. ಅಲ್ಲೇ ತಪ್ಪಿದ್ದು. ಬೋರ್ಡು ಕೆಟ್ಟರೆ ದೀಪ ಉರಿಯುವುದಿಲ್ಲ. ಸೆಲ್ ಕೆಟ್ಟರೆ ಮನೆ ಉರಿಯುತ್ತದೆ.

ಅಜ್ಜ ತಕ್ಕಡಿ ಕೇಳಿದರು

ಮರುದಿನ ಭಾನುವಾರ. ಹರಿಹರದಿಂದ ಅಜ್ಜ ಬಂದರು. ವಿಷಯ ಅಮ್ಮನಿಂದ ಫೋನಿನಲ್ಲೇ ತಿಳಿದಿತ್ತು. ಚಹಾ ಕುಡಿದು ಮುಗಿಸಿ, ‘ಎಲ್ಲಿ, ಉಳಿದಿದ್ದೊಂದು ತಗಂಬಾ’ ಎಂದರು.

ಅಜ್ಜ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವರು. ಬ್ಯಾಟರಿಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೆ ಒಂದು ವಸ್ತುವನ್ನು ಹೇಗೆ ಅನುಮಾನಿಸಬೇಕು ಎಂಬುದು ಗೊತ್ತು.

‘ಇದರ ಮ್ಯಾಲೆ ಏನು ಬರದಾರ?’

‘9,900 ಎಂ.ಎ.ಎಚ್. ಅಂತ ಅಜ್ಜಾ. ಎಷ್ಟು ಕರೆಂಟು ತುಂಬಿಟ್ಟುಕೊಳ್ಳುತ್ತದೆ ಅನ್ನೋ ಅಳತೆ.’

‘ಒಳ್ಳೇ ಕಂಪನೀದು ಎಷ್ಟಿರ್ತತಿ?’

ನನಗೆ ಅದು ಗೊತ್ತಿರಲಿಲ್ಲ. ಮೊಬೈಲ್ ತೆಗೆದು ನೋಡಿದೆ. ಈ ಸೆಲ್ಲಿಗೆ 18650 ಎಂದು ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದು ಅರ್ಥ. ಹೆಸರಾಂತ ಕಂಪನಿಗಳು ಈ ಅಳತೆಯೊಳಗೆ ತುಂಬಿಸಲು ಸಾಧ್ಯವಾಗಿರುವುದು ಸುಮಾರು 3,500ರ ಆಸುಪಾಸು. ಅಂದರೆ ನನ್ನ ನೂರಾ ಅರವತ್ತು ರೂಪಾಯಿಯ ಜೋಡಿ, ಜಗತ್ತಿನ ದೊಡ್ಡ ಪ್ರಯೋಗಾಲಯಗಳೆಲ್ಲ ಸೇರಿ ಮಾಡಲಾಗದ್ದನ್ನು ಮಾಡಿದ್ದೇವೆ ಎಂದು ಹೇಳುತ್ತಿತ್ತು. ಕೊಳ್ಳುವ ಮೊದಲು ಇದನ್ನು ನೋಡಲು ನನಗೆ ಎರಡು ನಿಮಿಷ ಸಾಕಿತ್ತು. ಮೂರನೇ ವರ್ಷದ ಬಿ.ಇ. ವಿದ್ಯಾರ್ಥಿ ನಾನು!

ಅಜ್ಜ ಮೂಲೆಯ ಕಿರಾಣಿ ಅಂಗಡಿಗೆ ಕರೆದುಕೊಂಡು ಹೋಗಿ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸೆಲ್ ಇಡಿಸಿದರು. 28 ಗ್ರಾಂ ತೋರಿಸಿತು. ಒಳ್ಳೆಯ 18650 ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ‘ಒಳಗೆ ಖಾಲಿ ಐತಿ’ ಎಂದರು ಅಜ್ಜ. ತೆಂಗಿನಕಾಯಿ ಅಲ್ಲಾಡಿಸಿ ಹೇಳಿದಷ್ಟೇ ಸಲೀಸಾಗಿ.

ನಂತರ ನಾವಿಬ್ಬರೂ ಅಂಗಳದಲ್ಲಿ ಸೆಲ್ಲನ್ನು ಹೆಂಚಿನ ಮೇಲೆ ಇಟ್ಟು, ದೂರದಿಂದಲೇ ನಿಗಾ ಮಾಡುತ್ತ ಅಳೆದೆವು. ಹತ್ತು ಓಮ್‌ನ ದೊಡ್ಡ ರೆಸಿಸ್ಟರ್ ಜೋಡಿಸಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಂಡೆ. ಹರಿಯುತ್ತಿದ್ದ ಕರೆಂಟು ಸುಮಾರು 0.36 ಆಂಪಿಯರ್. 9,900 ನಿಜವಾಗಿದ್ದರೆ ಇಪ್ಪತ್ತೇಳು ತಾಸು ನಡೆಯಬೇಕಿತ್ತು. ಎರಡು ತಾಸು ಇಪ್ಪತ್ತು ನಿಮಿಷಕ್ಕೆ ಸೆಲ್ ಸುಸ್ತಾಯಿತು. ಲೆಕ್ಕ ಹಾಕಿದರೆ 840 ಎಂ.ಎ.ಎಚ್. ಹೇಳಿದ್ದರಲ್ಲಿ ಸುಮಾರು ಹನ್ನೆರಡನೇ ಒಂದು ಭಾಗ ಮಾತ್ರ. ಒಮ್ಮೆ ಕಾದ ಸೆಲ್ಲಿನ ಜೊತೆಗಾರ ಅದು, ಹಾಗಾಗಿ ಈ ಪರೀಕ್ಷೆಯನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ತೂಕ ನೋಡಿದರೆ ಸಾಕು.

ಇಂಥ ಸೆಲ್‌ಗಳು ಹುಟ್ಟುವ ಬಗೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ ತೆಗೆದ ಸೆಲ್, ಇಲ್ಲವೇ ಒಳ್ಳೆಯ ಕಾರ್ಖಾನೆ ಪರೀಕ್ಷೆಯಲ್ಲಿ ತಿರಸ್ಕರಿಸಿದ ಸೆಲ್. ಅದಕ್ಕೆ ಹೊಸ ಸಿಪ್ಪೆ, ಹೊಸ ಅಂಕಿ. ಲಿಥಿಯಂ ಸೆಲ್ಲನ್ನು 4.2 ವೋಲ್ಟ್ ದಾಟಲು ಬಿಡದೆ, ತುಂಬಿದ ಮೇಲೆ ಚಾರ್ಜ್ ಮಾಡುವುದನ್ನು ನಿಲ್ಲಿಸಬೇಕು. ಅಗ್ಗದ ಚಾರ್ಜರಿನಲ್ಲಿ ಆ ನಿಲ್ಲಿಸುವ ಬುದ್ಧಿಗೇ ಕತ್ತರಿ ಬಿದ್ದಿದ್ದರೆ ಉಳಿದದ್ದು ಕಾವು, ಹೊಗೆ, ಬೆಂಕಿ.

ಲೇತಿನ ಜೊತೆ ಬರುತ್ತಿದ್ದ ಹಾಳೆ

ಅಂದು ಸಂಜೆ ಅಜ್ಜನನ್ನು ಬಿಡಲು ಬೈಕಿನಲ್ಲಿ ಹರಿಹರಕ್ಕೆ ಹೋದೆ. ದಾರಿಯುದ್ದಕ್ಕೂ ಹಿಂದೆ ಕೂತು ಕಾರ್ಖಾನೆಯ ಕತೆ ಹೇಳಿದರು. ನಾನು ಮೊದಲೂ ಕೇಳಿದ್ದೆ, ಆದರೆ ಅವತ್ತು ಕಿವಿಗೊಟ್ಟು ಕೇಳಿದೆ.

ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಸೀಮೆಯವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಹೊರದೇಶದ ಸೈಕಲ್ ಮಾರುತ್ತಿದ್ದವರು ಮುಂದೆ ತಾವೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ಅದೇ ಮನೆತನ ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಟ್ಟಿತು. ಮಾಡುತ್ತಿದ್ದದ್ದು ಲೇತ್ ಯಂತ್ರ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನು ಮೊದಲ ವರ್ಷ ಸ್ಟೆಪ್ ಟರ್ನಿಂಗ್ ಕಲಿತದ್ದೂ ಹರಿಹರದ ಲೇತಿನ ಮೇಲೆಯೇ. ನನ್ನ ವಯಸ್ಸಿಗಿಂತ ಎರಡು ಪಟ್ಟು ಹಳೆಯದು, ಇನ್ನೂ ತಿರುಗುತ್ತಿದೆ. ಇಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದಿದ ಅನೇಕರು ಆ ಹೆಸರು ಬರೆದ ಕಬ್ಬಿಣದ ಮುಂದೆ ನಿಂತಿರುತ್ತೀರಿ.

ಅಜ್ಜನ ಕೆಲಸ ಲೇತು ಮಾಡುವುದಲ್ಲ, ಮಾಡಿದ್ದನ್ನು ಒಪ್ಪದೇ ಇರುವುದು. ತಿರುಗುವ ಸ್ಪಿಂಡಲ್ಲಿಗೆ ಪರೀಕ್ಷೆಯ ಸರಳು ಹಾಕಿ, ಡಯಲ್ ಗೇಜಿನ ಮುಳ್ಳನ್ನು ಅದಕ್ಕೆ ತಾಗಿಸಿ ನಿಧಾನ ತಿರುಗಿಸುವುದು. ಮುಳ್ಳು ಅಲುಗಾಡುವ ಒಂದೊಂದು ಗೆರೆಯೂ ಮಿಲಿಮೀಟರಿನ ನೂರನೇ ಒಂದು ಭಾಗ. ಹಾಸಿನ ಮಟ್ಟ, ಎರಡು ತುದಿಗಳ ನೇರ ಎಲ್ಲವನ್ನೂ ಅಳೆದು ಒಂದು ಹಾಳೆಯಲ್ಲಿ ಬರೆಯುವುದು. ಎಷ್ಟಿರಬಹುದು ಎಂಬುದು ಒಂದು ಕಾಲಂ, ಎಷ್ಟಿದೆ ಎಂಬುದು ಪಕ್ಕದ ಕಾಲಂ, ಕೆಳಗೆ ಸಹಿ. ಆ ಟೆಸ್ಟ್ ಚಾರ್ಟ್ ಯಂತ್ರದ ಜೊತೆಗೇ ಗಿರಾಕಿಗೆ ಹೋಗುತ್ತಿತ್ತು.

‘ತಪ್ಪಾದ್ರೆ ಯಾರದು ಅಂತ ಗೊತ್ತಾಗ್ತಿತ್ತು. ಕೆಳಗೆ ನನ್ನ ಸಹಿ ಇರ್ತಿತ್ತಲ್ಲ. ನಿನ್ನ ಸೆಲ್ಲಿನ ಮ್ಯಾಲೆ ಯಾರದು ಸಹಿ ಐತಿ?’

ನನ್ನ ಬಳಿ ಉತ್ತರ ಇರಲಿಲ್ಲ. ಆ ಸೆಲ್ಲಿನ ಮೇಲೆ ಅಂಕಿ ಇತ್ತು, ಮಿಂಚಿನ ಚಿತ್ರ ಇತ್ತು. ಮಾಡಿದವರ ಹೆಸರು, ವಿಳಾಸ, ತಾರೀಖು ಯಾವುದೂ ಇರಲಿಲ್ಲ. ಮಾರಿದವರನ್ನು ಹುಡುಕಿದರೆ ಆ ಅಂಗಡಿಯ ಪುಟವೇ ಮಾಯವಾಗಿತ್ತು.

ಅಷ್ಟು ಚೆನ್ನಾಗಿ ಮಾಡುತ್ತಿದ್ದ ಕಾರ್ಖಾನೆಯೂ ಉಳಿಯಲಿಲ್ಲ ಎಂಬುದು ಕತೆಯ ಇನ್ನೊಂದು ಭಾಗ. 2000ದ ಆಸುಪಾಸಿನಲ್ಲಿ ಅದು ಬಾಗಿಲು ಮುಚ್ಚಿತು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮ ದಾವಣಗೆರೆಯಲ್ಲೂ ಗಿರಣಿಯ ಸೈರನ್ ಈಗ ಹಿರಿಯರ ನೆನಪು. ಒಳ್ಳೆಯ ಗುಣಮಟ್ಟ ಇದ್ದರೆ ಸಾಕು, ಉದ್ಯಮ ಉಳಿಯುತ್ತದೆ ಎಂದು ನಂಬಲು ಜೋಡಿ ನಗರದವರಾದ ನಮಗೆ ಕಷ್ಟ.

ದೇಶದ ತಪ್ಪೋ, ಬೆಲೆಯ ತಪ್ಪೋ?

‘ಚೈನಾ ಮಾಲು’ ಎಂಬುದು ನಮ್ಮಲ್ಲಿ ಬೈಗುಳವೇ ಆಗಿಬಿಟ್ಟಿದೆ. ಬಾಳಿಕೆ ಬಾರದ ಛತ್ರಿಗೂ ಅದೇ ಮಾತು, ಕೈಕೊಟ್ಟ ಗೆಳೆಯನಿಗೂ ಅದೇ ಮಾತು. ನಾನೂ ಹಾಗೇ ಬೈದುಕೊಂಡಿದ್ದೆ. ಆದರೆ ಹವ್ಯಾಸದ ಲೋಕವನ್ನೇ ಸ್ವಲ್ಪ ಕಣ್ಣು ಬಿಟ್ಟು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಡೆನ್ಮಾರ್ಕಿನ ಲೆಗೊ ಕಂಪನಿ 2016ರಲ್ಲಿ ಚೀನಾದ ಜಿಯಾಶಿಂಗ್‌ನಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿ ಮಾಡಿದ ಇಟ್ಟಿಗೆ ಡೆನ್ಮಾರ್ಕಿನಲ್ಲಿ ಮಾಡಿದ ಇಟ್ಟಿಗೆಗೆ ‘ಟಕ್’ ಎಂದು ಕೂರುತ್ತದೆ. ಕೂರಲೇಬೇಕು, ಇಲ್ಲದಿದ್ದರೆ ಆಟಿಕೆಯೇ ಇಲ್ಲ. ಡ್ರೋನ್ ಹಾರಿಸುವವರೆಲ್ಲ ಕನಸು ಕಾಣುವ ಡಿಜೆಐ ಕಂಪನಿ ಇರುವುದು ಅದೇ ಶೆನ್‌ಜೆನ್‌ನಲ್ಲಿ. ಇಂಗ್ಲೆಂಡಿನ ಮಾದರಿ ರೈಲುಗಳ ಹಾರ್ನ್‌ಬಿ ಕಂಪನಿ ತನ್ನ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿತು. ಅದರ ಕೈಕೆಳಗಿನ ಏರ್‌ಫಿಕ್ಸ್ ವಿಮಾನ ಮಾದರಿಗಳು ಕೆಲವು ವರ್ಷ ಭಾರತದಲ್ಲೂ ತಯಾರಾದವು. ಅಂದರೆ ಇನ್ನಾವುದೋ ದೇಶದ ಹವ್ಯಾಸಿ, ಡಬ್ಬಿಯ ಮೇಲೆ ನಮ್ಮ ದೇಶದ ಹೆಸರು ಓದಿ, ಹೇಗಿರುತ್ತದೋ ಎಂದು ಅನುಮಾನಿಸಿರಲೂ ಸಾಕು.

ಜಪಾನಿನ ಕತೆ ನಮ್ಮ ಕ್ವಾಲಿಟಿ ಪಾಠದಲ್ಲೇ ಬರುತ್ತದೆ. ಯುದ್ಧ ಮುಗಿದ ಹೊಸತರಲ್ಲಿ ಜಪಾನಿನ ಸಾಮಾನು ಎಂದರೆ ಅಗ್ಗದ ಆಟಿಕೆ ಎಂದು ನಗುತ್ತಿದ್ದರು. 1950ರಲ್ಲಿ ಅಮೆರಿಕದ ಡೆಮಿಂಗ್ ಅಲ್ಲಿಗೆ ಹೋಗಿ ಅಂಕಿಅಂಶಗಳ ಮೂಲಕ ಗುಣಮಟ್ಟ ಕಾಯುವುದನ್ನು ಹೇಳಿಕೊಟ್ಟರು. ಮರುವರ್ಷವೇ ಅಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿ ಶುರುವಾಯಿತು. ನಗುತ್ತಿದ್ದವರು ಕೆಲವೇ ದಶಕಗಳಲ್ಲಿ ಜಪಾನಿನ ಕ್ಯಾಮೆರಾ, ರೇಡಿಯೊಗಳಿಗೆ ಮುಗಿಬಿದ್ದರು. ಮಣ್ಣು ಅದೇ, ಜನ ಅದೇ. ಬದಲಾದದ್ದು ಅಳೆಯುವ ರೂಢಿ.

ಹಾಗಾದರೆ ನನ್ನ ಸೆಲ್ಲಿನಲ್ಲಿ ತಪ್ಪಿದ್ದು ಎಲ್ಲಿ? ದೂರದ ಕಾರ್ಖಾನೆ ಮತ್ತು ನನ್ನ ಟೇಬಲ್ಲಿನ ನಡುವೆ ರಫ್ತುದಾರ, ಆಮದುದಾರ, ಸಗಟು ವ್ಯಾಪಾರಿ, ಆನ್‌ಲೈನ್ ಮಾರಾಟಗಾರ ಹೀಗೆ ನಾಲ್ಕೈದು ಕೈ. ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ‘ಇನ್ನೂ ಎಷ್ಟು ಕಡಿಮೆ ಮಾಡ್ತೀರಿ?’ ಮೊದಲು ತೋರಿಸುವ ಮಾದರಿ ಚೆನ್ನಾಗಿರುತ್ತದೆ. ಆಮೇಲೆ ಬರುವ ಒಂದೊಂದು ಕಂತಿನಲ್ಲೂ ತಾಮ್ರ ಸ್ವಲ್ಪ ತೆಳ್ಳಗಾಗುತ್ತದೆ, ಫ್ಯೂಸ್ ಮಾಯವಾಗುತ್ತದೆ, ಲೋಹದ ಹಲ್ಲಿನ ಜಾಗಕ್ಕೆ ಪ್ಲಾಸ್ಟಿಕ್ ಬರುತ್ತದೆ. ದೂರ ಹೆಚ್ಚಿದಷ್ಟೂ ಕೇಳುವವರು ಕಡಿಮೆ. ಆ ಸಾಲಿನ ಕೊನೆಯಲ್ಲಿ ನಿಂತು, ‘ಬೆಲೆ, ಕಡಿಮೆಯಿಂದ ಹೆಚ್ಚಿಗೆ’ ಎಂಬ ಬಟನ್ ಒತ್ತಿದವನು ನಾನೇ.

ಮೋಸದ ಮಾಲಿನ ಪೆಟ್ಟು ಅದನ್ನು ಕೊಂಡ ಅಮಾಯಕನ ಮೇಲೆಯೇ ಬೀಳುತ್ತದೆ. 2014ರಲ್ಲಿ ಎಫ್‌ಟಿಡಿಐ ಎಂಬ ಚಿಪ್ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದಾಗ, ಅದರ ನಕಲಿ ಚಿಪ್ಪಿದ್ದ ಬೋರ್ಡುಗಳು ಕೆಲಸ ನಿಲ್ಲಿಸಿದವು. ತಮ್ಮ ಬೋರ್ಡಿನಲ್ಲಿ ಇರುವುದು ನಕಲಿ ಎಂದು ಎಷ್ಟೋ ಹವ್ಯಾಸಿಗಳಿಗೆ ಗೊತ್ತಾದದ್ದೇ ಆಗ. ದೊಡ್ಡ ಗಲಾಟೆಯಾಗಿ ಕಂಪನಿ ಆ ಡ್ರೈವರನ್ನು ಹಿಂದಕ್ಕೆ ಪಡೆಯಬೇಕಾಯಿತು.

ಚನ್ನಪಟ್ಟಣ ಕಲಿಸಿದ್ದು

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಚನ್ನಪಟ್ಟಣ ಇದೆ. ಅಲ್ಲಿಯ ಬೊಂಬೆಯೂ ಹುಟ್ಟುವುದು ಲೇತಿನ ಮೇಲೆಯೇ, ಕಬ್ಬಿಣದ ಬದಲು ಹಾಲೆ ಮರ. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ ಎಂಬುದು ಅದರ ಹೆಗ್ಗಳಿಕೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೂ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಹಡಗಿನಲ್ಲಿ ಬಂದಿಳಿದಾಗ ಆ ಕುಶಲಕರ್ಮಿಗಳು ತತ್ತರಿಸಿದರು.

2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಅದಕ್ಕಿಂತ ಮುಖ್ಯವೆಂದು ನನಗೆ ಅನ್ನಿಸುವುದು ಇನ್ನೊಂದು ಕ್ರಮ. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಯಿತು. ಸುಂಕ ವಸ್ತುವಿನ ಬೆಲೆಯನ್ನು ಮಾತ್ರ ಏರಿಸುತ್ತದೆ. ಪರೀಕ್ಷೆಯಾದರೆ ‘ಇದಕ್ಕೆ ಯಾರು ಸಹಿ ಹಾಕಿದ್ದಾರೆ’ ಎಂದು ಕೇಳುತ್ತದೆ. ಅಜ್ಜ ಬೈಕಿನ ಹಿಂದೆ ಕೂತು ಕೇಳಿದ ಪ್ರಶ್ನೆಯೇ ಅದು.

ಈಗ ನಾನು ಮಾಡುವುದು

ಅಗ್ಗದ ಸಾಮಾನು ಕೊಳ್ಳುವುದನ್ನು ನಾನು ಬಿಟ್ಟಿಲ್ಲ. ಬಿಡುವಷ್ಟು ದುಡ್ಡೂ ಇಲ್ಲ. ಆದರೆ ಸಾಮಾನನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಕೆಟ್ಟರೆ ಸುಮ್ಮನೆ ನಿಂತುಹೋಗುವಂಥವು ಒಂದು ಪಾಲು: ಬೋರ್ಡು, ಸೆನ್ಸರು, ವೈರು. ಇವುಗಳಲ್ಲಿ ಉಳಿತಾಯ ಮಾಡುತ್ತೇನೆ. ಕೆಟ್ಟರೆ ಮನುಷ್ಯರಿಗೆ ಅಪಾಯವಾಗುವಂಥವು ಇನ್ನೊಂದು ಪಾಲು: ಸೆಲ್, ಚಾರ್ಜರ್, ಬೆಸುಗೆ ಕಡ್ಡಿ, ಮನೆಯ ಕರೆಂಟಿಗೆ ತಾಗಿಸುವ ಮಲ್ಟಿಮೀಟರ್. ಇವುಗಳಲ್ಲಿ ಚೌಕಾಸಿ ಇಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಒಂದು ತಿಂಗಳು ಕಾಯುತ್ತೇನೆ.

ಲಿಥಿಯಂ ಸೆಲ್, ಪವರ್ ಬ್ಯಾಂಕ್, ಅಡಾಪ್ಟರ್ ಮುಂತಾದವಕ್ಕೆ ನಮ್ಮಲ್ಲಿ ಬಿಐಎಸ್ ನೋಂದಣಿ ಕಡ್ಡಾಯ. ಇಂಗ್ಲಿಷಿನ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಅದರ ಮೇಲೆ ಇರಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಸಿಗುತ್ತದೆ. ಸಿಗದಿದ್ದರೆ ಆ ವಸ್ತು ನನಗೆ ಬೇಡ. ಅಂಕಿ ನಂಬಲಾಗದಷ್ಟು ದೊಡ್ಡದಿದ್ದರೆ ನಂಬುವುದಿಲ್ಲ. ರಾತ್ರಿ ಮಲಗಿದಾಗ, ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಜಿಗೆ ಇಡುವುದಿಲ್ಲ. ಇದೆಲ್ಲ ದೊಡ್ಡ ವಿದ್ಯೆ ಅಲ್ಲ. ನಾನು ಓದುತ್ತಿರುವ ಓದಿಗೆ ಇದು ಮೊದಲೇ ಗೊತ್ತಿರಬೇಕಿತ್ತು.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ನಾವೆಲ್ಲ ಡಿಸೈನ್, ಕೋಡಿಂಗ್ ಎಂದು ಓಡುತ್ತೇವೆ. ಕ್ವಾಲಿಟಿ, ಇನ್‌ಸ್ಪೆಕ್ಷನ್ ಎಂದರೆ ಎರಡನೇ ದರ್ಜೆಯ ಕೆಲಸ ಎಂದು ಮೂಗು ಮುರಿಯುತ್ತೇವೆ. ನಾಳೆ ಯಾವುದೋ ಕಂಪನಿಯಲ್ಲಿ ಒಳಬರುವ ಮಾಲನ್ನು ಪರೀಕ್ಷಿಸುವ ಮೇಜಿನ ಮುಂದೆ ನಮ್ಮಲ್ಲೇ ಯಾರೋ ಕೂತಿರುತ್ತಾರೆ. ‘ಟಾರ್ಗೆಟ್ ಇದೆ, ಪಾಸ್ ಮಾಡಿಬಿಡು’ ಎಂದು ಮೇಲಿನವರು ಹೇಳುತ್ತಾರೆ. ಆ ಪೆಟ್ಟಿಗೆ ಹೋಗಿ ಮುಟ್ಟುವುದು ಎಲ್ಲೋ ಒಂದು ಮನೆಯ ಟೇಬಲ್ಲಿಗೆ, ಅದರಿಂದ ಎರಡು ಅಡಿ ದೂರದಲ್ಲಿ ಯಾರದೋ ತಂಗಿ ಮಲಗಿರುತ್ತಾಳೆ.

ಫೆಸ್ಟ್‌ಗೆ ಒಳ್ಳೆಯ ಸೆಲ್ ಹಾಕಿ ರೋಬೊ ಓಡಿಸಿದೆ. ಬಹುಮಾನ ಬರಲಿಲ್ಲ, ಆದರೆ ಕೊನೆಯ ಸುತ್ತಿನವರೆಗೂ ನಿಲ್ಲದೆ ಓಡಿತು. ಅಜ್ಜ ನೋಡಲು ಬಂದಿದ್ದರು. ಗಾಡಿಯನ್ನು ಕೈಯಲ್ಲಿ ಹಿಡಿದು, ಚಕ್ರವನ್ನು ಬೆರಳಿನಿಂದ ತಿರುಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ‘ಎಡಗಡೇದು ಒಂಚೂರು ಓಲಾಡ್ತತಿ’ ಎಂದರು.

ನಿಜ, ಓಲಾಡುತ್ತಿತ್ತು. ಆ ಚಕ್ರ ಕೂರಿಸಿದವನು ನಾನೇ.

ಟೇಬಲ್ಲಿನ ಮೇಲೆ ಚಾರ್ಜರ್ ಕರಗಿದ ಕಪ್ಪು ಕಲೆ ಹಾಗೇ ಇದೆ. ಅಪ್ಪ ಸನ್‌ಮೈಕಾ ಹಾಕಿಸೋಣ ಎಂದರು. ಬೇಡ ಎಂದಿದ್ದೇನೆ.